ಪ್ಯಾಸೇಜಿನ ಕೊನೆಯ ಡ್ರಮ್ಮು

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ನಾನು ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆ. ಮೊದಲ ಮಹಡಿಯಲ್ಲಿ ಸಾಲಾಗಿ ನಾಲ್ಕು ಮನೆ. ಮುಂದೆ ಎಲ್ಲರಿಗೂ ಸೇರಿದ ಒಂದೇ ಪ್ಯಾಸೇಜು. ಕೆಳಗೆ ಕಂಬವಿಲ್ಲದೆ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಕಾಂಕ್ರೀಟು. ನೀರು ಮೂರು ದಿನಕ್ಕೊಮ್ಮೆ. ಹಾಗಾಗಿ ಮನೆಗೊಂದು ನೀಲಿ ಡ್ರಮ್ಮು. ಓಡಾಡಲು ಅಡ್ಡಿಯಾಗದಿರಲಿ ಎಂದು ಎಲ್ಲರೂ ಹೊರ ಅಂಚಿಗೇ ಇಡುತ್ತಿದ್ದೆವು.

ಗೋಡೆ ಸೇರುವಲ್ಲಿ ಉದ್ದಕ್ಕೂ ಬಿರುಕು ಕಂಡಾಗ ಮಾಲೀಕರು ಯಾದಗಿರಿ ಕಡೆಯ ಮೇಸ್ತ್ರಿಯೊಬ್ಬನನ್ನು ಕರೆಸಿದರು. "ನಾಳೆ ಕೆಳಗ ಕಂಬ ಕೊಡ್ತೀನ್ರಿ. ಅಲ್ಲೀತನಕ ಡ್ರಮ್ಮಿನ ನೀರು ಚೆಲ್ರಿ," ಎಂದ. ಮೂರು ಮನೆಯವರು ಗೊಣಗುತ್ತಾ ಚೆಲ್ಲಿದೆವು. ಕೊನೆಯ ಮನೆಯ ಅಕ್ಕ ಗಾರ್ಮೆಂಟ್ಸಿಗೆ ಹೋಗುವವರು, ಆಗಷ್ಟೇ ತುಂಬಿಸಿದ್ದರು.

"ನೀವು ಇಂಜಿನಿಯರಿಂಗ್ ಓದಿರೋರು. ಒಂದ್ ಡ್ರಮ್ಮಿಗೆ ಬಿದ್ದೋಗ್ಬಿಡುತ್ತಾ?" ಎಂದು ನನ್ನನ್ನು ಕೇಳಿದರು.

ನಾನು ಓದಿದ್ದು ಮೆಕ್ಯಾನಿಕಲ್. ಪೀಣ್ಯದಲ್ಲಿ ಗೇರುಗಳ ಅಳತೆ ನೋಡುವ ಕೆಲಸ. ಆದರೂ, "ಒಂದಕ್ಕೇನೂ ಆಗಲ್ಲ ಅಕ್ಕ, ಇರ್ಲಿ ಬಿಡಿ," ಎಂದೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬೀದಿಯಲ್ಲಿ ನೀಲಗಿರಿ ಕಂಬ ಇಳಿಸುತ್ತಿದ್ದ. ನಾನು ಮೆಟ್ಟಿಲ ಬಳಿ ಇದ್ದೆ. ಅಕ್ಕ ಬಾಗಿಲಿಗೆ ಬೀಗ ಹಾಕಿ ತಿರುಗಿದರು. ತೆಂಗಿನಕಾಯಿ ಒಡೆದಂಥ ಸದ್ದು. ಪ್ಯಾಸೇಜಿನ ಆ ತುದಿ ಗೇಣುದ್ದ ಇಳಿದು ವಾಲಿತು. ಡ್ರಮ್ಮು ಜಾರಿ ಕಬ್ಬಿಣದ ಕಟಕಟೆಗೆ ಆನಿಕೊಂಡಿತು.

"ಓಡ್ಬನ್ನಿ ಅಕ್ಕ!" ಎಂದು ಕೂಗಿ ನಾನೂ ಒಂದು ಹೆಜ್ಜೆ ಮುಂದಿಟ್ಟೆ.

ಕೆಳಗಿನಿಂದ ಮೇಸ್ತ್ರಿ ಅರಚಿದ: "ಓಡಬ್ಯಾಡ್ರಿ ಅಕ್ಕಾರ! ಗ್ವಾಡಿಗೆ ಅಂಟಿ ನಿಲ್ರಿ. ಬೀಗ ತಗದು ಒಳಗ ಹೋಗ್ರಿ! ಏ ಸಾರ್, ಹಿಂದಕ್ಕ ಸರೀರಿ, ನಿಮ್ಮ ಭಾರಾನೂ ಹಾಕ್ತೀರೇನು?"

ಸರಿದೆ. ಬೀಗದ ಕೈ ಎರಡು ಸಲ ತಿರುಗಲಿಲ್ಲ. ಮೂರನೆಯ ಸಲ ತಿರುಗಿತು. ಅವರು ಒಳಗೆ ಹೋದರು. ಅಷ್ಟೇ ನಡೆದದ್ದು. ನೆನಪಿನಲ್ಲಿ ಮಾತ್ರ ಕೆಲವೊಮ್ಮೆ ಆ ಬೀಗ ತೆರೆಯುವುದಿಲ್ಲ. ಕೆಲವೊಮ್ಮೆ ಅವರು ನನ್ನ ಮಾತು ಕೇಳಿ ಓಡಿ ಬರುತ್ತಾರೆ.

ಕಂಬ ಕೊಟ್ಟು, ಹಲಗೆ ಹಾಸಿ ಅವರನ್ನು ಈಚೆಗೆ ಕರೆತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಒಡೆದ ಕಾಂಕ್ರೀಟಿನಲ್ಲಿ ಮೇಸ್ತ್ರಿ ನನಗೆ ಕಂಬಿ ತೋರಿಸಿದ. "ಹಿಂಗ ಚಾಚಿದ್ದಕ್ಕ ಕಂಬಿ ಮ್ಯಾಲಿರಬೇಕ್ರಿ. ಕಾಂಕ್ರೀಟ್ ಹಾಕೋವಾಗ ಅದರ ಮ್ಯಾಲೇ ಅಡ್ಡಾಡಿ, ತುಳದು ತಳಕ್ಕ ಇಳಿಸ್ಯಾರ."

ಹೊಸ ಕಾಂಕ್ರೀಟು ಹಾಕುವ ದಿನ ಅವನು ಯಾರನ್ನೂ ಕಂಬಿಯ ಮೇಲೆ ಕಾಲಿಡಲು ಬಿಡಲಿಲ್ಲ. ಹಲಗೆಯ ಮೇಲೇ ನಡೆಸಿದ. ಮಾಲೀಕರನ್ನೂ ಗದರಿದ.

ಅಕ್ಕ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದರು. "ಇನ್ಮೇಲೆ ಡ್ರಮ್ ಇಡ್ಬೋದಾ, ಇಂಜಿನಿಯರ್ ಸಾರ್?"

"ಮೇಸ್ತ್ರಿನ ಕೇಳಿ ಅಕ್ಕ," ಎಂದೆ.

ಅವನು ತಲೆ ಎತ್ತದೆ ಹೇಳಿದ: "ತಿಂಗಳು ಬಿಟ್ಟು ಇಡ್ರಿ. ಗ್ವಾಡಿ ಕಡೆ."