ಇಕ್ಕಳ ಹಿಡಿದವಳ ಗಲ್ಲ

ಸಾವಿರದ ಒಂಬೈನೂರ ಎಂಟರ ಸುಮಾರಿಗೆ ಬಾಗಲಕೋಟೆಯ ಪೇಟೆಯಲ್ಲಿ ಜಲಾಲುದ್ದೀನ ಪಟಗಳಿಗೆ ಕಟ್ಟು ಹಾಕುತ್ತಿದ್ದ. ಶಿವನಿರಲಿ, ಮಕ್ಕಾ ಇರಲಿ, ಗಾಜು ಒರೆಸುವಾಗ ಅವನ ಕೈಯಲ್ಲಿ ಒಂದೇ ಭಕ್ತಿ. ಹಾವಿಗೂ ಹೆದರದ ಆಳು. ಆದರೆ ಹಲ್ಲು ಕೀಳುವ ಅಂದಪ್ಪ ಎದುರಾದರೆ ಓಣಿ ಬದಲಿಸುತ್ತಿದ್ದ. ಜಲಾಲುದ್ದೀನನ ದವಡೆಹಲ್ಲೊಂದು ಭಾಳ ದಿನದಿಂದ ನೋಯುತ್ತಿತ್ತು.

ರೈಲ್ವೆ ಸ್ಟೇಷನ್ನಿನ ಸಾಹೇಬರ ಅಡುಗೆಯವ, ಗೋವಾದ ಇನಾಸ, ಒಂದು ದಿನ ಜರ್ಮನಿಯಲ್ಲಿ ಅಚ್ಚಾದ ಪಟವೊಂದನ್ನು ಕೊಟ್ಟು, "ನಮ್ಮ ಸಂತ ಅಪೊಲೋನಿಯಾ. ಚಂದ ಕಟ್ರಿ" ಎಂದು ಅವಸರದಲ್ಲಿ ಹೋದ. ಜಲಾಲುದ್ದೀನ ಸುರುಳಿ ಬಿಚ್ಚಿದ. ತಲೆಯ ಸುತ್ತ ಬಂಗಾರದ ಪ್ರಭೆ, ಒಂದು ಕೈಯಲ್ಲಿ ಈಚಲ ಗರಿ, ಇನ್ನೊಂದರಲ್ಲಿ ಇಕ್ಕಳ. ಇಕ್ಕಳದ ತುದಿಗೆ ಹಲ್ಲು!

ಕಟ್ಟು ಹಾಕಿದವನೇ ಪಟವನ್ನು ಗೋಡೆಗೆ ಮುಖಮಾಡಿ ಇಟ್ಟ. ಹೆಂಡತಿ ಶಮಶಾದಬಿ ತಿರುಗಿಸಿದಳು.

"ಹಲ್ಲು ಕೀಳಾಕಿ ಅದಾಳ, ತಿರುಗಸಬ್ಯಾಡ!" ಅಂದ.

ಗಲ್ಲಕ್ಕೆ ಅರಿವೆ ಕಟ್ಟಿಕೊಂಡಿದ್ದ ಎದುರುಮನೆಯ ಮುದುಕಿ ಬಸಲಿಂಗವ್ವ ಬಗ್ಗಿ ನೋಡಿದಳು. "ಎಲ್ಲೀ ಕೀಳಾಕೀನೋ ತಮ್ಮಾ? ಗಲ್ಲ ನೋಡು, ಬಾತೈತಿ. ಈಕಿ ಕೀಳಿಸ್ಕೊಂಡಾಕಿ!"

ಖರೆ, ಒಂದು ಗಲ್ಲದ ಮೇಲೆ ಕೆಂಪು ಗಡ್ಡೆಯಿತ್ತು. ಜಲಾಲುದ್ದೀನ ಭೂತಗನ್ನಡಿ ಹಿಡಿದ.

"ಬಾತಿಲ್ಲಬೇ ಯವ್ವಾ. ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲಚ್ಚು. ಕೆಂಪು ಒತ್ತೂವಾಗ ಹಾಳಿ ಸರದೈತಿ. ತುಟಿ ಬಣ್ಣ ಗಲ್ಲಕ್ಕ ಹತ್ತೈತಿ."

"ಹಲ್ಲುಬ್ಯಾನಿ ನನಗ ಗೊತ್ತೋ, ಕಲ್ಲಿಗೇನ ಗೊತ್ತು?"

ಸಂಜೆಯೊಳಗೆ ಪೇಟೆ ಎರಡು ಪಕ್ಷವಾಯಿತು: ಕೀಳಾಕಿ ಅನ್ನುವವರು, ಕೀಳಿಸ್ಕೊಂಡಾಕಿ ಅನ್ನುವವರು. ಅಂದಪ್ಪ, "ನಮ್ಮ ಕಸಬಿನ ತಾಯಿ" ಎಂದು ಪಟಕ್ಕೆ ಚೆಂಡುಹೂವಿನ ಮಾಲೆ ಹಾಕಿದ. ಅವನು ಹೋಗುವತನಕ ಜಲಾಲುದ್ದೀನ ಗಾಜಿನ ಪೆಟ್ಟಿಗೆಯ ಹಿಂದೆ ಅಡಗಿ ಕೂತ.

ಮರುದಿನ ಇನಾಸ ಬಂದಾಗ ಎಲ್ಲರೂ ಮುತ್ತಿದರು.

"ಕೀಳಿಸ್ಕೊಂಡಾಕೀನ," ಅಂದ ಇನಾಸ. "ದುಷ್ಟರು ಆಕಿ ಹಲ್ಲೆಲ್ಲಾ ಮುರಿದ್ರು. ಆದ್ರೂ ದೇವರನ್ನ ಬಿಡಲಿಲ್ಲ. ಗರಿ ಅಂದ್ರ ಗೆದ್ದ ಗುರುತು."

ಅಂದಪ್ಪ ಮಾಲೆ ತೆಗೆದು ಕಿಸೆಗೆ ಹಾಕಿಕೊಂಡ. ಬಸಲಿಂಗವ್ವನಿಗೆ ಮಾತ್ರ ಹುರುಪು ಬಂತು. "ಆಕಿ ಅಷ್ಟೂ ಹಲ್ಲು ಕೊಟ್ಟಾಳ, ನನ್ನದೊಂದ ಏನು? ಕೀಳೋ ಅಂದಪ್ಪಾ!" ಪಟದ ಮುಂದೆಯೇ ಕೂತಳು, ಹಲ್ಲು ಕೀಳಿಸಿಕೊಂಡು ಬಾಯಿ ಮುಕ್ಕಳಿಸಿ ಎದ್ದಳು.

ಶಮಶಾದಬಿ ಗಂಡನ ಕಡೆ ನೋಡಿದಳು. "ನಿಮ್ಮ ಗಲ್ಲಾನೂ ಬಾತೈತಲ್ರಿ?"

"ಬಾತಿಲ್ಲ, ಬಣ್ಣ ಸರದೈತಿ!"

ಇನಾಸ ಜಲಾಲುದ್ದೀನನ ಕಾಲು ಒತ್ತಿ ಹಿಡಿದ, ಶಮಶಾದಬಿ ತಲೆ ಹಿಡಿದಳು. ಅಂದಪ್ಪನ ಇಕ್ಕಳಕ್ಕೆ ಹಲ್ಲು ಬಂತು. ಆ ಕೂಗಿಗೆ ಪೇಟೆಯ ಎತ್ತುಗಳು ನೊಗ ಕಳಚಿಕೊಂಡು ಓಡಿದವೆಂದು ಬಸಲಿಂಗವ್ವ ಸಾಯುವತನಕ ಹೇಳುತ್ತಿದ್ದಳು. ಕೂಗಿದ್ದು ಇನಾಸ ಎಂದು ಜಲಾಲುದ್ದೀನ ಹೇಳುತ್ತಿದ್ದ.