ಹಿತ್ತಲಿಗೊಂದೇ ಗಿಡ

ಎರಡು ವರ್ಷ ಐದು ತಾಲೂಕು ಸುತ್ತಿದೆ. ಎಲ್ಲ ಕಡೆಯೂ ನನ್ನನ್ನು ಮೊದಲು ಕೇಳಿದ್ದು ಒಂದೇ ಮಾತು: ‘ಒಬ್ಬಾಕಿನ ಬಂದೀರೇನ್ರಿ?’ ಚಿಕ್ಕೋಡಿಯಲ್ಲಿ ಅದನ್ನು ಕನ್ನಡದಲ್ಲಿ ಕೇಳಿದರು, ನಿಪ್ಪಾಣಿಯಲ್ಲಿ ಮರಾಠಿಯಲ್ಲಿ, ಕಾಗವಾಡದ ಕಡೆ ಎರಡನ್ನೂ ಬೆರೆಸಿ. ಹೌದು ಎಂದರೆ ಮುಂದಿನ ಪ್ರಶ್ನೆ ಗಂಡನದು, ಅದರ ಮುಂದಿನದು ಮಕ್ಕಳದು. ಮದುವೆಯೇ ಆಗಿಲ್ಲ ಎಂದಾಗ ಮನೆಯಾಕೆ ಚಹಾ ಇಡಲು ಒಳಗೆ ಹೋಗುತ್ತಿದ್ದಳು. ಆ ಕನಿಕರದ ಚಹಾ ಕುಡಿಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕುಡಿಯುತ್ತಿದ್ದೆ. ನನಗೆ ಬೇಕಾದ ಎಲೆ ಅವರ ಹಿತ್ತಲಲ್ಲಿತ್ತಲ್ಲ.

ನನ್ನ ಕೆಲಸ ನುಗ್ಗೆ ಗಿಡದ ಎಲೆ ಕೂಡಿಸುವುದು. ಹೊರಗಿನಿಂದ ನೋಡಿದರೆ ಎಲ್ಲ ನುಗ್ಗೆಯೂ ನುಗ್ಗೆಯೇ. ಆದರೆ ಬೀಜದಿಂದ ಹುಟ್ಟಿದ ಒಂದೊಂದು ಗಿಡದ ಡಿಎನ್‌ಎಯೂ ಬೇರೆ ಬೇರೆ, ಒಂದೇ ತಾಯಿಯ ಮಕ್ಕಳಿದ್ದಂತೆ. ಈ ಸೀಮೆಯ ನುಗ್ಗೆಯಲ್ಲಿ ಅಂಥ ಭೇದ ಎಷ್ಟಿದೆ ಎಂದು ಅಳೆಯಬೇಕಿತ್ತು. ಭೇದ ಹೆಚ್ಚಿದ್ದರೆ ಒಳ್ಳೆಯದು. ರೋಗ ಬಂದರೂ ಕೆಲವು ಗಿಡ ಬದುಕಿಕೊಳ್ಳುತ್ತವೆ. ಎಲ್ಲ ಒಂದೇ ಆಗಿದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಎಳೆಯ ಎಲೆ ಕಿತ್ತು, ತೇವ ಹೀರುವ ನೀಲಿ ಹರಳುಗಳ ಪಾಕೀಟಿನಲ್ಲಿ ಹಾಕಿ, ಊರು ಮತ್ತು ಜಾಗ ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆ. ಒಂದು ನಿಯಮವನ್ನು ಮಾತ್ರ ಮೀರುವಂತಿರಲಿಲ್ಲ. ಹಿತ್ತಲಿಗೊಂದೇ ಗಿಡ. ಪಕ್ಕದಲ್ಲಿ ಇನ್ನೊಂದಿದ್ದರೆ ಅದನ್ನು ಮುಟ್ಟಬಾರದು. ಅಕ್ಕಪಕ್ಕದವು ರಕ್ತಸಂಬಂಧಿಗಳಾಗಿದ್ದರೆ ಲೆಕ್ಕ ಕೆಡುತ್ತದೆ. ಅದೇ ಕಾರಣಕ್ಕೆ ನನ್ನ ಇಬ್ಬರು ಅಕ್ಕಂದಿರ ಮನೆಗಳನ್ನೂ ಬಿಟ್ಟಿದ್ದೆ.

ಮೊದಲ ಪಾಕೀಟು ಕರೋಶಿಯ ನಮ್ಮ ಮನೆಯದು. ನಾನು ಎಲೆ ಕೀಳುವುದನ್ನು ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

‘ಇಷ್ಟ ಸಾಲಿ ಕಲ್ತದ್ದು ಎಲಿ ಹರ್ಯಾಕೇನ ಸಣ್ಣಾಕಿ?’ ಎಂದಳು. ‘ಮೊದಲ ಹೇಳಿದ್ರ ಅದನ್ನ ಮನ್ಯಾಗ ಕಲಸ್ತಿದ್ನಲ್ಲ.’

ಮೂವರಲ್ಲಿ ಕೊನೆಯವಳಾದ್ದರಿಂದ ನಾನು ಸಣ್ಣಾಕಿ. ಐವತ್ತು ಹತ್ತಿರ ಬಂದರೂ ಅವ್ವನ ಬಾಯಲ್ಲಿ ಅದೇ.

ಆ ಗಿಡದ ಕೊಂಬೆಯನ್ನು ಅವ್ವ ತನ್ನ ತವರು ಶೇಡಬಾಳದಿಂದ ತಂದು ನೆಟ್ಟಿದ್ದಳಂತೆ. ಅದು ನಮ್ಮ ಓಣಿಯ ರೂಢಿ. ಮದುವೆಯಾದ ಮಗಳು ಮೊದಲ ಪಂಚಮಿಗೆ ತವರಿಗೆ ಬಂದು, ಜೋಕಾಲಿ ಆಡಿ, ತಿರುಗಿ ಹೊರಟಾಗ ಉಂಡಿಯ ಡಬ್ಬಿಯ ಜೊತೆ ಒಂದು ನುಗ್ಗೆಯ ಟೊಂಗೆ ಕೊಡುವುದು. ಕಡಿದ ತುದಿಗೆ ಸೆಗಣಿ ಮೆತ್ತಿ, ಹಸಿ ಗೋಣಿತಾಟು ಸುತ್ತಿ ಕೊಟ್ಟರೆ ಶ್ರಾವಣದ ಮಳೆಗೆ ಅದು ಹೇಗೂ ಚಿಗುರುತ್ತದೆ. ಅಕ್ಕಂದಿರಿಬ್ಬರೂ ಒಯ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ನುಗ್ಗೆ ಇಲ್ಲವೋ ಆ ಮನೆಯ ಹುಡುಗಿಯರೂ ನಮ್ಮ ಗಿಡದಿಂದಲೇ ಒಯ್ದರು. ನನಗೆ ಕೊಡಲಿಲ್ಲ.

ಚಿಕ್ಕೋಡಿಯಲ್ಲಿ ಬಾಡಿಗೆ ಖೋಲಿ ಹಿಡಿದ ವರ್ಷ ನಾನೇ ಬಾಯಿಬಿಟ್ಟು ಕೇಳಿದ್ದೆ.

‘ಮಾಳಿಗಿ ಮ್ಯಾಲ ಎಲ್ಲಿ ಹಚ್ಚತಿ? ನಿಂದಂತ ಒಂದ ಅಂಗಳಾ ಆಗ್ಲಿ, ಆಮ್ಯಾಲ ಕೊಡ್ತೀನಿ,’ ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ನನಗೆ ಅಂಗಳ ಎಂದದ್ದು ಗಂಡ ಎಂದ ಹಾಗೆ ಕೇಳಿಸಿತು. ಊಟ ಬಿಟ್ಟು ಎದ್ದು ಬಂದೆ. ಆಮೇಲೆ ಅವ್ವ ಅಂಗಳದ ಮಾತು ತೆಗೆದಾಗಲೆಲ್ಲ ನಾನು ಮುಖ ಗಂಟು ಹಾಕಿದೆ. ಕೊನೆಗೆ ಅವಳು ತೆಗೆಯುವುದನ್ನೇ ಬಿಟ್ಟಳು.

ಎಲೆ ಕಿತ್ತ ಮರು ವರ್ಷ ರಸ್ತೆ ಅಗಲ ಮಾಡುವವರು ಬಂದು ಗೋಡೆಗೆ ಕೆಂಪು ಗುರುತು ಹಾಕಿಹೋದರು. ಮಳೆಗಾಲ ಮುಗಿಯುತ್ತಲೇ ಹಿತ್ತಲು ಹೋಯಿತು, ಅದರ ಜೊತೆ ನುಗ್ಗೆಯೂ. ಆ ಚಳಿಗಾಲದಲ್ಲಿ ಅವ್ವನೂ ಹೋದಳು. ಅಕ್ಕಂದಿರು ದಿನಕರ್ಮ ಮುಗಿಸಿ ತಮ್ಮ ತಮ್ಮ ಊರಿಗೆ ಹೊರಟರು. ಮನೆಗೆ ಕೀಲಿ ಹಾಕಿ ನಾನು ಬಸ್ಸಿಗೆ ನಿಂತೆ. ಅಕ್ಕಂದಿರಿಗೆ ನಾನು ಈಗ ‘ಮೇಡಂ’. ಮೊದಮೊದಲು ಚೇಷ್ಟೆಗೆ ಕರೆಯುತ್ತಿದ್ದರು, ಈಗ ಅದೇ ಖಾಯಂ ಆಗಿದೆ. ಸಣ್ಣಾಕಿ ಎಂದು ಕರೆಯುವವರು ಇನ್ನು ಯಾರೂ ಇಲ್ಲ ಎಂಬುದು ಒಂದು ಸಂಜೆ ಅನ್ನಕ್ಕೆ ಅಕ್ಕಿ ತೊಳೆಯುವಾಗ ಹೊಳೆಯಿತು. ಅಕ್ಕಿಯನ್ನು ಹಾಗೆಯೇ ಬಿಟ್ಟು ಕೂತುಬಿಟ್ಟೆ. ಖೋಲಿಯಲ್ಲಿ ಒಬ್ಬಳೇ ಇರುವುದು ನನಗೆ ರೂಢಿಯಿತ್ತು. ಆ ಸಂಜೆ ಮಾತ್ರ ಅದು ಹೊಸದಾಗಿತ್ತು.

ಪ್ರಯೋಗಾಲಯದ ಫಲಿತಾಂಶ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ನಮ್ಮ ಸಾಹೇಬರು ಫೋನಿನಲ್ಲಿ ಸಿಡಿಮಿಡಿಗೊಂಡರು.

‘ಏನ್ರಿ ಇದು, ಒಂದ ಗಿಡದ ಎಲಿ ತಂದು ಎಲ್ಲಾ ಪಾಕೀಟಿಗೂ ತುಂಬೀರೇನು?’

ನಿಪ್ಪಾಣಿಯ ಕಡೆಯ ಗಿಡಗಳು ಬೇರೆ ಬೇರೆಯಾಗಿಯೇ ಇದ್ದವು. ಆದರೆ ರಾಯಬಾಗ, ಅಥಣಿ, ಕಾಗವಾಡ, ಏಕಸಂಬಿಗಳಿಂದ ತಂದವುಗಳಲ್ಲಿ ಹೆಚ್ಚಿನವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಅವೆಲ್ಲವೂ ಮೊದಲ ಪಾಕೀಟಿಗೆ, ಅಂದರೆ ನಮ್ಮ ಹಿತ್ತಲಿನ ಗಿಡಕ್ಕೆ, ಹೊಂದುತ್ತಿದ್ದವು. ನನಗೂ ರೇಗಿತು. ಉರಿಬಿಸಿಲಲ್ಲಿ ಕಬ್ಬಿನ ಗದ್ದೆ, ದ್ರಾಕ್ಷಿ ತೋಟ ದಾಟಿ, ಕಂಡಕಂಡವರ ಚಹಾ ಕುಡಿದು ತಂದ ಎಲೆ ಅವು. ಬೇಕಾದರೆ ಇನ್ನೊಮ್ಮೆ ತರುತ್ತೇನೆ ಎಂದು ಫೋನ್ ಇಟ್ಟೆ.

ಎರಡನೆಯ ಸುತ್ತಿನಲ್ಲಿ ಎಲೆಯ ಜೊತೆಗೆ, ಗಿಡ ಎಲ್ಲಿಂದ ಬಂತು ಎಂದೂ ಕೇಳಿದೆ. ಅಥಣಿಯ ಒಬ್ಬ ಅಜ್ಜಿ, ‘ತವರಿಂದ ತಂದದ್ರಿ,’ ಎಂದಳು. ರಾಯಬಾಗದಲ್ಲಿ ಕೇಳಿದರೆ ‘ನಮ್ಮ ಅತ್ತಿ ತಮ್ಮ ತವರಿಂದ ತಂದದ್ದು.’ ಕಾಗವಾಡದ ಹತ್ತಿರ ಒಬ್ಬಾಕೆ ನಕ್ಕೇಬಿಟ್ಟಳು: ‘ನುಗ್ಗಿ ಯಾರರ ಬೀಜಾ ಬಿತ್ತಿ ಬೆಳಸ್ತಾರೇನ್ರಿ?’ ನಾನು ಅದನ್ನು ನಮ್ಮ ಓಣಿಯ ರೂಢಿ ಎಂದುಕೊಂಡಿದ್ದೆ. ಹೆಣ್ಣುಮಕ್ಕಳು ಓಣಿಯಲ್ಲಿ ಉಳಿಯುವುದಿಲ್ಲ, ಅವರ ಮಕ್ಕಳೂ ಇನ್ನೊಂದು ಊರಿಗೆ ಹೋಗುತ್ತಾರೆ ಎಂಬುದು, ಮದುವೆಯಾಗಿ ಎಲ್ಲಿಗೂ ಹೋಗದ ನನಗೆ ಹೊಳೆದೇ ಇರಲಿಲ್ಲ. ಟೊಂಗೆಯಿಂದ ಬೆಳೆದ ಗಿಡ ತಾಯಿಗಿಡದ ಮಗಳಲ್ಲ, ಅದು ತಾಯಿಗಿಡವೇ. ರಸ್ತೆಗೆ ಹೋದ ಗಿಡ ಇಷ್ಟೊಂದು ಹಿತ್ತಲುಗಳಲ್ಲಿ ಕಾಯಿ ಬಿಡುತ್ತ ನಿಂತಿತ್ತು.

ನುಗ್ಗೆಯ ಮಟ್ಟಿಗೆ ಇದು ಕೆಟ್ಟ ಸುದ್ದಿ, ವರದಿಯಲ್ಲಿ ಹಾಗೆಯೇ ಬರೆಯಬೇಕಿತ್ತು. ನನಗೆ ಮೊದಲು ಖುಷಿಯೇ ಆಯಿತು. ಆಮೇಲೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಹೊಟ್ಟೆಕಿಚ್ಚಾಯಿತು. ಹೆಸರೂ ಗೊತ್ತಿಲ್ಲದ ಹೆಂಗಸರೆಲ್ಲ ಅವ್ವನ ಗಿಡದಿಂದ ಪಾಲು ಪಡೆದಿದ್ದರು, ನನ್ನನ್ನು ಬಿಟ್ಟು. ಯಾವ ಹಿತ್ತಲಿನಿಂದ ಬೇಕಾದರೂ ನಾನೊಂದು ಟೊಂಗೆ ಕೇಳಿ ತರಬಹುದಿತ್ತು. ಆದರೆ ಅದು ಅವರು ಕೊಟ್ಟದ್ದಾಗುತ್ತಿತ್ತು, ಅವ್ವ ಕೊಟ್ಟದ್ದಲ್ಲ.

ಕೊನೆಗೆ ಉಳಿದದ್ದು ಏಕಸಂಬಿಯ ಒಂದು ಮನೆ. ಮೊದಲ ಸುತ್ತಿನ ಕೊನೆಗೆ, ಅವ್ವ ಹೋದ ಮೇಲೆ, ಅಲ್ಲಿಗೆ ಹೋದಾಗ ಸೊಸೆಯೊಬ್ಬಳೇ ಇದ್ದಳು. ಈ ಸಲ ಅತ್ತೆ ಕಟ್ಟೆಯ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದಳು. ‘ಒಬ್ಬಾಕಿನ ಬಂದೀಯೇನ’ ಎಂದು ಈಕೆ ಕೇಳಲಿಲ್ಲ.

‘ಕರೋಶ್ಯಾಕಿ ಅಲ್ಲೇನ ನೀ? ಮಾರಿ ಥೇಟ ನಿಮ್ಮವ್ವಂದ.’

ಅವಳು ನಮ್ಮ ಓಣಿಯ ಮಗಳು. ನಾನು ಹುಟ್ಟುವ ಮೊದಲೇ ಈ ಊರಿಗೆ ಮದುವೆಯಾಗಿ ಬಂದವಳು.

‘ನಾವು ಮುಸಲ್ಮಾನರಾದ್ರೇನು, ಪಂಚಮಿ ಜೋಕಾಲಿ ಬಿಟ್ಟವರಲ್ಲ. ಈ ದೊಡ್ಡ ಗಿಡಾ ನಿಮ್ಮವ್ವ ಆಗ ಕೊಟ್ಟದ್ದು,’ ಎಂದಳು. ಅವ್ವ ಹೋದ ಸುದ್ದಿ ಅವಳಿಗೆ ಮುಟ್ಟಿತ್ತು, ಮೊಣಕಾಲು ಬರಗೊಡಲಿಲ್ಲವಂತೆ. ‘ನೀ ಯಾವಾಗ ಬರ್ತೀ ಅಂತ ನೋಡಾಕತ್ತಿದ್ದೆ.’

‘ಒಮ್ಮೆ ಬಂದು ಎಲೆ ಒಯ್ದೆನಲ್ಲ,’ ಎಂದೆ.

‘ಯಾವ ಗಿಡದ್ದು?’

‘ದೊಡ್ಡದರದು.’

‘ನಿಂದ ಬಿಟ್ಟ ನಂದ ಒಯ್ದಿ ನೋಡ,’ ಎಂದು ನಕ್ಕಳು.

ನನಗೆ ತಿಳಿಯಲಿಲ್ಲ. ಅವಳು ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ದೊಡ್ಡ ಗಿಡದ ಪಕ್ಕದಲ್ಲಿ, ನಿಯಮದ ಪ್ರಕಾರ ನಾನು ಮುಟ್ಟದೆ ಬಿಟ್ಟಿದ್ದ ಸಣ್ಣ ಗಿಡ ಈಗ ಮಾಡಿನೆತ್ತರ ಬೆಳೆದು ಕಾಯಿ ಬಿಟ್ಟಿತ್ತು.

‘ಗ್ವಾಡಿಗಿ ಕೆಂಪ ಗುರ್ತ ಹಾಕಿದ ಮಳಿಗಾಲ್ದಾಗ ನಿಮ್ಮವ್ವ ಬಂದಿದ್ಲು. ಬಸ್ಸಿನ್ಯಾಗ ಟೊಂಗಿ ಹಿಡ್ಕೊಂಡು, ಕಂಡಕ್ಟರನ ಕೂಡ ಜಗಳಾ ಆಡಿ. ನನಗೊಂದ ಕೊಟ್ಟೀಯಲ್ಲ ಯವ್ವಾ, ಮತ್ತ್ಯಾಕ ಅಂದೆ. ಇದ ನಿಂದಲ್ಲ, ನಮ್ಮ ಸಣ್ಣಾಕಿದು, ಅಕಿಗೆ ಅಂಗಳಾ ಆಗೂ ತನಕಾ ಇಲ್ಲಿರ್ಲಿ ಅಂದ್ಲು. ತಾನ ತೆಗ್ಗ ತೋಡಿ ಹಚ್ಚಿದ್ಲು.’

‘ನನಗೆ ಹೇಳಲೇ ಇಲ್ಲ,’ ಎಂದೆ.

‘ಹ್ಯಾಂಗ ಹೇಳ್ತಾಳ? ಅಂಗಳದ ಮಾತ ತಗದ್ರ ಸಿಟ್ಟಿಗೇಳ್ತಾಳ ಅಂತಿದ್ಲು.’

ಕರೋಶಿಯಿಂದ ಏಕಸಂಬಿಗೆ ಬರಬೇಕಾದರೆ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ನನ್ನ ಖೋಲಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದೆ. ಟೊಂಗೆ ಹಿಡಿದುಕೊಂಡು ಅವ್ವ ಅಲ್ಲಿ ನಿಂತಿದ್ದಾಳು, ನನ್ನ ಸಿಟ್ಟಿಗೆ ಹೆದರಿ ನನ್ನ ಮೆಟ್ಟಿಲು ಹತ್ತದೆ ಮುಂದಿನ ಬಸ್ಸು ಹತ್ತಿದ್ದಾಳು. ಗಿಡಕ್ಕೆ ಕೈ ಆನಿಸಿ ನಿಂತು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ಪಾಕೀಟು ತೆಗೆದೆ, ಹಾಗೆಯೇ ಚೀಲದೊಳಗೆ ಇಟ್ಟೆ. ಈ ಗಿಡವನ್ನು ಅಳೆಯಬೇಕಾಗಿರಲಿಲ್ಲ.

‘ಕಾಯಿ ಏನು ಮಾಡುತ್ತೀರಿ?’ ಎಂದು ಕೇಳಿದೆ.

‘ತಿಂತೀವಿ. ಮತ್ತೇನ, ನಿನ್ನ ಅಂಗಳದ ದಾರಿ ಕಾಯ್ಕೊಂತ ಒಣಗಸ್ಬೇಕೇನ?’

ಅಷ್ಟರಲ್ಲಿ ಸೊಸೆ ಕೈಯಲ್ಲಿ ಕೊಕ್ಕೆಕೋಲು ಹಿಡಿದು ಹಿತ್ತಲಿಗೆ ಬಂದಳು. ಈ ಮನೆಯವಳಾಗಿ ಬಂದು ಎರಡು ವರ್ಷವಾಗಿಲ್ಲ, ಕನ್ನಡ ಅಷ್ಟಾಗಿ ಬಾರದು. ಅತ್ತೆಯನ್ನು ಉರ್ದುವಿನಲ್ಲಿ ಕೇಳಿದಳು. ಮಧ್ಯಾಹ್ನದ ಸಾರಿಗೆ ಯಾವ ಗಿಡದ ಕಾಯಿ ಕೀಳಲಿ, ದೊಡ್ಡ ಗಿಡದ್ದೋ ಸಣ್ಣಾಕಿಯದೋ ಎಂದು. ಅಷ್ಟು ಮಾತಿನಲ್ಲಿ ಕನ್ನಡದ್ದು ‘ಸಣ್ಣಾಕಿ’ ಎಂಬುದೊಂದೇ. ಆ ಗಿಡಕ್ಕೆ ಆ ಮನೆಯಲ್ಲಿ ಅದೇ ಹೆಸರು ನಿಂತುಬಿಟ್ಟಿತ್ತು. ಸಣ್ಣಾಕಿ ಎಂದರೆ ಯಾರೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಸಾರು ಮಾಡುವ ದಿನವೆಲ್ಲ ಅವಳು ಅದನ್ನು ಹೀಗೆಯೇ ಕೂಗುತ್ತಿದ್ದಿರಬೇಕು.

ಅತ್ತೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು.

‘ನೀನ ಹೇಳಬೇ.’

‘ಸಣ್ಣಾಕಿದ್ದ ಹರಿ’ ಎಂದೆ.