ಸೊಸೆ ಬಾಯಿಬಿಡದ ಹೆಸರು

ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೊದಲ ವಾರವೇ ನಾನು ಗಂಡನನ್ನು ಹೆಸರು ಹಿಡಿದು ಕೂಗಿದೆ. ಮುದ್ದೆ ಕಟ್ಟುತ್ತಿದ್ದ ಅಜ್ಜಿಯ ಕೈ ಹಾಗೇ ನಿಂತಿತು. "ಏನಮ್ಮಿ, ನಿಮ್ ಪ್ಯಾಟೇಲಿ ಗಂಡುನ್ನ ಹಿಂಗಾ ಕೂಗೋದು?" ಎಂದರು. ನನ್ನ ತವರು ಚಾಮರಾಜನಗರ ಅಂಥ ದೊಡ್ಡ ಪೇಟೆಯೇನಲ್ಲ, ಆದರೂ ನಾನು ಪೇಟೆಯವಳೆಂದು ಅಂದೇ ತೀರ್ಮಾನವಾಯಿತು. ಅಜ್ಜಿ ಎಂದರೆ ನನ್ನ ಮಾವನವರ ತಾಯಿ. ವಯಸ್ಸು ಎಂಬತ್ತರ ಮೇಲೆ, ಹಲ್ಲು ನಾಲ್ಕೇ ನಾಲ್ಕು, ನಾಲಿಗೆ ಮಾತ್ರ ಮಚ್ಚಿನಷ್ಟು ಹರಿತ.

ತೊಂಬತ್ತರ ದಶಕದ ನಡುವೆ ನನಗೆ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ಚಾಮರಾಜನಗರದ ತವರಿನಲ್ಲಿದ್ದೆ. ಮಗು ನೋಡಲು ಬಂದ ಮಾವ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನಮ್ ದೊಡ್ಡವ್ವನ ಎಸ್ರು ಇಡನ ಕಣವ್ವ" ಎಂದರು. ದೊಡ್ಡವ್ವ ಎಂದರೆ ಅವರ ಅಪ್ಪನ ತಾಯಿ. ನಾನು ಟಿವಿಯಲ್ಲಿ ಕೇಳಿದ ಎರಡಕ್ಷರದ ಹೆಸರೊಂದನ್ನು ಆಗಲೇ ಆರಿಸಿಕೊಂಡಿದ್ದೆ. ಆದರೂ ಮರ್ಯಾದೆಗೆ, "ಏನು ಮಾವ ಅವರ ಹೆಸರು?" ಎಂದೆ. ಮಾವ ತಲೆ ತಗ್ಗಿಸಿ, "ಅದೇ ಕಣವ್ವ, ನಂಗೂ ಗೊತ್ತಿಲ್ಲ" ಎಂದರು.

ಮಾವನನ್ನು ಸಾಕಿದವರೇ ಆ ದೊಡ್ಡವ್ವ. ತಾಯಿ ಕೂಲಿಗೆ ಹೋದರೆ ಮುದ್ದೆ ತಿನ್ನಿಸಿ ಮಲಗಿಸುವುದು ಅವರೇ. ಮೊಮ್ಮಗ ಸ್ಕೂಲಿಗೆ ಹೆದರುತ್ತಾನೆಂದು ಗಂಟೆ ಹೊಡೆಯುವವರೆಗೂ ಸ್ಕೂಲಿನ ಜಗಲಿಯಲ್ಲೇ ಕೂತಿರುತ್ತಿದ್ದರಂತೆ. ಮಾವನಿಗೆ ಏಳು ತುಂಬುವಷ್ಟರಲ್ಲಿ ತೀರಿಕೊಂಡರು. ಪಿತೃಪಕ್ಷದಲ್ಲಿ ಎಡೆಯಿಟ್ಟು ಹಿರಿಯರ ಹೆಸರು ಒಂದೊಂದಾಗಿ ಹೇಳುವಾಗ ಆ ಒಂದು ಎಲೆಯ ಮುಂದೆ ಮಾವನ ದನಿ ನಿಂತುಬಿಡುತ್ತಿತ್ತು. "ಸಾಕ್ದೋರ ಎಸ್ರೇ ತಿಳೀದ ಮೊಮ್ಮಗ ನಾನು" ಎಂದು ಕಣ್ಣೊರೆಸಿಕೊಂಡರು. ಟಿವಿಯ ಹೆಸರನ್ನು ನಾನು ಆವತ್ತೇ ಕೈಬಿಟ್ಟೆ.

ಹೆಸರು ತಿಳಿದವರು ಮನೆಯಲ್ಲೇ ಇದ್ದರು. ಅಜ್ಜಿಗೆ ಆ ದೊಡ್ಡವ್ವ ಅತ್ತೆ. ಆದರೆ ಸೊಸೆಯಾದವಳು ಗಂಡನ ಹೆಸರಾಗಲಿ, ಅತ್ತೆ ಮಾವನ ಹೆಸರಾಗಲಿ ಬಾಯಿಬಿಟ್ಟು ಹೇಳುವಂತಿಲ್ಲ. "ಅವ್ರು ಇರಾಗಂಟ ತಲೆ ಎತ್ತಿ ಮಾತಾಡ್ದವ್ಳಲ್ಲ ನಾನು. ಈಗ ಎಸ್ರಿಡ್ದು ಕೂಗ್ಲಾ? ಓಗ್ಲಾ ಸುಮ್ನೆ" ಎಂದು ಮಗನನ್ನು ಗದರಿದರಂತೆ. ಮಾವ ಎಲ್ಲಿಂದಲೋ ವೋಟರ್ ಲಿಸ್ಟ್ ತಂದು, ಹೆಂಗಸರ ಹೆಸರು ಒಂದೊಂದೇ ಓದುತ್ತ ಯಾವ ಹೆಸರಿಗಾದರೂ ಬದಲಾದೀತೇ ಎಂದು ತಾಯಿಯ ಮುಖ ನೋಡಿದರಂತೆ. ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಲ್ಲೇ ತೂಕಡಿಸಿದರು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಕಥೆ ಅಲ್ಲಿಂದ ಶುರುವಾಯಿತು. ಮಾವ ಗುಮಾಸ್ತರು, ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲವೆಂದು ನಂಬಿದವರು. ರಜೆ ಹಾಕಿ ಚಾಮರಾಜನಗರಕ್ಕೆ ಬಂದು ಜಮೀನಿನ ಹಳೇ ದಾಖಲೆಗಳನ್ನು ತೆಗೆಸಿ ನೋಡುವುದು, ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿ, ಕಿವಿಗೆ ಬಟ್ಟೆ ಸುತ್ತಿಕೊಂಡು ಕೂತ ನನಗೆ ವರದಿ ಒಪ್ಪಿಸುವುದು. ತಾತ ಸಿಕ್ಕರು, ಮುತ್ತಾತ ಸಿಕ್ಕರು, ಯಾರೂ ಕೇಳದಿದ್ದ ಮುತ್ತಾತನ ತಮ್ಮನೂ ಸಿಕ್ಕಿದ. "ಗಂಡಸ್ರು ಸಾಲುಸಾಲಾಗಿ ಸಿಕ್ತಾವ್ರೆ ಕಣವ್ವ, ಹೆಂಗ್ಸು ಒಬ್ಳೂ ಇಲ್ಲ" ಎಂದರು. ಒಂದೇ ಒಂದು ಕಡೆ "ಸದರಿಯವನ ಹೆಂಡತಿ" ಎಂದಿತ್ತಂತೆ. ಬರೆದವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇನ್ನೊಂದು ಪದ ಬರೆದಿದ್ದರೆ ಅವನ ಶಾಯಿ ಮುಗಿದುಹೋಗುತ್ತಿತ್ತೇ?

ಕೊನೆಗೆ ದೊಡ್ಡವ್ವನ ತವರಾದ ಉಮ್ಮತ್ತೂರಿಗೆ ಬಸ್ಸು ಹತ್ತಿದರು. ಅಲ್ಲಿ ಆಕೆಯ ತಮ್ಮನ ಮಗ, ಹಣ್ಣುಹಣ್ಣು ಮುದುಕರು, ಸಿಕ್ಕರು. "ನಮ್ಮಪ್ಪ ಅಕ್ಕ ಅಂತಿತ್ತು, ನಾವು ಅತ್ತೆ ಅಂತಿದ್ದೋ. ಎಸ್ರು ಕಟ್ಕಂಡು ನಮ್ಗೇನಾಗ್ಬೇಕಿತ್ತು ಬುಡಿ" ಎಂದು ಒಂದು ಕುಂಬಳಕಾಯಿ ಕೊಟ್ಟು ಕಳಿಸಿದರು. ಇಷ್ಟೆಲ್ಲ ಅಲೆದದ್ದಕ್ಕೆ ದಕ್ಕಿದ್ದು ಅದೊಂದೇ. ನಮ್ಮಮ್ಮ ಹುಳಿ ಮಾಡಿದರು, ಚೆನ್ನಾಗಿತ್ತು.

ಐದನೇ ತಿಂಗಳು ಗುಂಡ್ಲುಪೇಟೆಯಲ್ಲಿ ನಾಮಕರಣ. ಮನೆಯ ಹಿರಿಯರು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಮಗುವನ್ನು ಎತ್ತಿಕೊಂಡು ಕೂತಿದ್ದ ಮಾವ ಸೋತ ದನಿಯಲ್ಲಿ, "ನೀನ್ ಅಂದ್ಕಂಡಿದ್ದ ಎಸ್ರೇ ಇಡವ್ವ" ಎಂದರು. ನನಗೆ ತಡೆಯಲಾಗಲಿಲ್ಲ. ಸೀದಾ ಅಜ್ಜಿಯ ಹತ್ತಿರ ಹೋಗಿ, "ಅಜ್ಜಿ, ನಮಗೆ ಯಾರಿಗೂ ಹೇಳಬೇಡಿ. ಮಗುವಿಗೆ ಹೇಳಿ. ಅದು ಯಾರ ಮುಂದೆಯೂ ಬಾಯಿಬಿಡಲ್ಲ" ಎಂದೆ.

ಅಜ್ಜಿ ಎದ್ದು ಬಂದು, "ಎಲ್ಲ ಆಚ್ಗೋಗಿ. ನೀನು ಮಕ ಆ ಕಡೀಕ್ ತಿರುಗುಸ್ಕಲ" ಎಂದು ಮಗನಿಗೂ ಹೇಳಿ, ತಮ್ಮ ತಲೆಯ ಮೇಲೂ ಮಗುವಿನ ಮೇಲೂ ಸೆರಗು ಹೊದ್ದುಕೊಂಡು ಬಗ್ಗಿದರು. ನಾವೆಲ್ಲ ಬಾಗಿಲ ಸಂದಿಯಲ್ಲಿ ನಿಂತಿದ್ದೆವು. ಮಾವ ಮುಖವನ್ನೇನೋ ತಿರುಗಿಸಿಕೊಂಡಿದ್ದರು, ಕಿವಿ ಅಲ್ಲೇ ಇತ್ತು. ಮೂರನೇ ಸಲಕ್ಕೆ ಅವರ ಭುಜ ಅಲುಗತೊಡಗಿತು. ಎದ್ದು ಹೊರಗೆ ಬಂದವರೇ ಇಡೀ ಬೀದಿಗೆ ಕೇಳುವಂತೆ ಮಗುವನ್ನು ಆ ಹೆಸರಿನಿಂದ ಕೂಗಿದರು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಎಷ್ಟಾದರೂ ನಾನೂ ಆ ಮನೆಯ ಸೊಸೆ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಟವೆಲ್ ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತೆ. ಅಜ್ಜಿ ಮಗುವಿನ ಜೊತೆ ಮೆತ್ತಗೆ ಮಾತಾಡುತ್ತಿದ್ದರು. "ಬಿಸಿ ಆಯ್ತೇನ್ರತ್ತೆ? ಇರಿ, ಇನ್ನೊಂದು ಚೊಂಬು. ನಾ ಈ ಮನೆಗೆ ಬಂದಾಗ ನಂಗೆ ಒಂಬತ್ತೊರ್ಸ ಕಣ್ರತ್ತೆ. ಆಗ ನಂಗೂ ನೀವೇ ನೀರು ಉಯ್ದಿದ್ದು."